ಪದಚರ್ಚೆ: ‘ಸೋಲುವ ಸ್ಥಿತಿ’ ಅಂದರೆ ಸೋಲುವುದು ಯಾರು?

ಪ್ರಶ್ನೆ: ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಗಣಿತ ಕ್ಲಬ್ಬಿನ ಚಟುವಟಿಕೆ ಹಾಳೆಯೊಂದು ತಯಾರಾಗುತ್ತಿದೆ. ಇಬ್ಬರು ಆಡುವ ಆಟ. 21 ಅಡಿಕೆ, ಒಂದು ಸಲಕ್ಕೆ 1, 2 ಅಥವಾ 3 ತೆಗೆಯಬಹುದು, ಕೊನೆಯದನ್ನು ತೆಗೆದವ ಗೆದ್ದ. ವಿನ್ನಿಂಗ್ ಸ್ಟ್ರಾಟೆಜಿ, ಪಿ-ಪೊಸಿಶನ್, ಎನ್-ಪೊಸಿಶನ್ ಇವಕ್ಕೆ ‘ಗೆಲ್ಲುವ ತಂತ್ರ’, ‘ಸೋಲುವ ಸ್ಥಿತಿ’, ‘ಗೆಲ್ಲುವ ಸ್ಥಿತಿ’ ಅಂತ ಬರೆದರೆ ಸಾಕೇ? ನಿಮ್-ಸಮ್‌ಗೆ ಏನು? ಚೆನ್ನೆಮಣೆಯನ್ನೂ ಅದೇ ಹಾಳೆಗೆ ಸೇರಿಸಬಹುದೇ?

ಉತ್ತರ: ‘ಸ್ಥಿತಿ’ಯ ಜೋಡಿ ಸಾಲದು. ಮಲಗುವ ಕೋಣೆ ಮಲಗುವುದಿಲ್ಲ, ಉಣ್ಣುವ ಬಟ್ಟಲು ಉಣ್ಣುವುದಿಲ್ಲ. ಹಾಗೆಯೇ ‘ಸೋಲುವ ಸ್ಥಿತಿ’ಯಲ್ಲಿ ಸೋಲುವುದು ಈಗ ರಾಶಿಗೆ ಕೈಹಾಕಬೇಕಾದವನೋ, ರಾಶಿಯನ್ನು ಹಾಗೆ ಮಾಡಿಟ್ಟವನೋ ಎಂಬುದು ಪದದೊಳಗೆ ಇಲ್ಲ. ನಾಲ್ಕು ಅಡಿಕೆ ಉಳಿದಾಗ ‘ಇದು ಸೋಲುವ ಸ್ಥಿತಿ’ ಎಂದರೆ, ನಾಲ್ಕು ಉಳಿಸಿದ ಹುಡುಗಿ ತಾನೇ ಸೋತೆನೆಂದು ತಿಳಿದರೆ ತಪ್ಪು ಅವಳದ್ದಲ್ಲ.

ಇಂಗ್ಲಿಷಿನ ಪಿ ಎಂದರೆ ಪ್ರೀವಿಯಸ್, ಎನ್ ಎಂದರೆ ನೆಕ್ಸ್ಟ್. ಈಗಷ್ಟೇ ಆಡಿದವ ಗೆಲ್ಲುವುದು ಪಿ, ಈಗ ಆಡಬೇಕಾದವ ಗೆಲ್ಲುವುದು ಎನ್. ಇದನ್ನು ‘ಹಿಂದಿನವ’, ‘ಮುಂದಿನವ’ ಎಂದು ತಿರುಗಿಸುವುದು ಇನ್ನೂ ಅಪಾಯ. ಹಿಂದಿನ ವರ್ಷ ಕಳೆದುಹೋದದ್ದು ಹೌದು, ಆದರೆ ರೇಶನ್ ಅಂಗಡಿಯ ಸಾಲಿನಲ್ಲಿ ನನ್ನ ಹಿಂದಿನವನ ಸರದಿ ನನ್ನ ನಂತರ! ಸರದಿಯ ಆಟದಲ್ಲಿ ಈ ಎರಡೂ ಅರ್ಥ ಡಿಕ್ಕಿ ಹೊಡೆಯುತ್ತವೆ.

ಹಲವು ರಾಶಿಗಳಿದ್ದು ಒಂದು ಸಲಕ್ಕೆ ಒಂದೇ ರಾಶಿಯಿಂದ ಎಷ್ಟು ಬೇಕಾದರೂ ತೆಗೆಯಬಹುದಾದ ನಿಮ್ ಆಟದ ಪೂರ್ತಿ ಗಣಿತವನ್ನು 1901ರಲ್ಲಿ ಪ್ರಕಟಿಸಿದ ಚಾರ್ಲ್ಸ್ ಬೌಟನ್ ಬಳಸಿದ ಮಾತು ‘ಸೇಫ್ ಕಾಂಬಿನೇಶನ್’. ಅಂದರೆ ಎದುರಾಳಿಗೆ ಬಿಟ್ಟುಕೊಟ್ಟರೆ ನನಗೆ ಕ್ಷೇಮವಾದ ಜೋಡಣೆ. ಬಿಟ್ಟವನ ಕಡೆಯಿಂದ ಹುಟ್ಟಿದ ಈ ಹೆಸರಿನ ದಾರಿಯೇ ಕನ್ನಡಕ್ಕೂ ಒಗ್ಗುತ್ತದೆ. ಪಿ-ಗೆ ‘ಬಿಡುವ ಲೆಕ್ಕ’, ಎನ್-ಗೆ ‘ತೆಗೆಯುವ ಲೆಕ್ಕ’. ಹಾಳೆಯಲ್ಲಿ ಗುರುತಿಗೆ ಬಿ, ತೆ. ಮನೆಯಲ್ಲಿ ತುಳು ಆಡುವ ಮಗುವಿಗೆ ಅದು ‘ಬುಡು’, ಮಲಯಾಳ ಆಡುವ ಮಗುವಿಗೆ ‘ವಿಡು’. ನಿಮ್ಮ ತರಗತಿಯಲ್ಲಿ ಇದಕ್ಕಿಂತ ಹತ್ತಿರದ ಧಾತು ಸಿಗಲಿಕ್ಕಿಲ್ಲ.

ಗುರುತು ಹಾಕುವ ಕ್ರಮ ಕೆಳಗಿನಿಂದ ಮೇಲಕ್ಕೆ. 0 ಬಿ. 1, 2, 3ರಿಂದ ಒಂದೇ ಕೈಗೆ 0 ಬಿಡಬಹುದು, ಆದ್ದರಿಂದ ಮೂರೂ ತೆ. 4ರಿಂದ ಎಲ್ಲಿಗೆ ಹೋದರೂ ತೆ, ಆದ್ದರಿಂದ 4 ಬಿ. ಹೀಗೆ 8, 12, 16, 20 ಬಿ. 21ರಲ್ಲಿ ಮೊದಲಿಗ 1 ತೆಗೆದು 20 ಬಿಡಬೇಕು. ಆಮೇಲೆ ಎದುರಾಳಿ 1 ತೆಗೆದರೆ 3, 2 ತೆಗೆದರೆ 2, 3 ತೆಗೆದರೆ 1. ನಿಯಮ ಬರೆಯುವಾಗ ಒಂದು ವಾಕ್ಯವನ್ನು ಮಾತ್ರ ಖಂಡಿತ ತಪ್ಪಿಸಿ: ‘ಎಲ್ಲ ನಡೆಗಳೂ ಬಿ-ಗೆ ಹೋಗದಿದ್ದರೆ’. ‘ಎಲ್ಲರೂ ಬರಲಿಲ್ಲ’ ಎಂದಾಗ ಯಾರೂ ಬರಲಿಲ್ಲವೋ, ಕೆಲವರು ಬಂದರೋ? ಅದೇ ಗೊಂದಲ ಇಲ್ಲಿ ಇಡೀ ಪಟ್ಟಿಯನ್ನು ಕೆಡಿಸುತ್ತದೆ. ‘ಒಂದು ನಡೆಯಾದರೂ ಬಿ-ಗೆ ಮುಟ್ಟಿದರೆ ತೆ; ಒಂದೂ ಮುಟ್ಟದಿದ್ದರೆ ಬಿ’ ಎಂದು ಬರೆಯಿರಿ.

4, 8, 12ರ ಈ ಪಟ್ಟಿಗೆ ‘ನಾಲ್ಕರ ಮಗ್ಗಿ’ ಎಂಬ ಹೆಸರೂ ಬೇಡ. ಹೆಸರು ಬಾಯಿಗೆ ಬಂದ ಕೂಡಲೇ ಮಕ್ಕಳು ‘ಹೆಚ್ಚೆಂದರೆ ಎಷ್ಟೋ, ಅದಕ್ಕೆ ಒಂದು ಕೂಡಿಸು’ ಎಂದು ಕಂಠಪಾಠ ಮಾಡುತ್ತಾರೆ. 1, 2, 3, 4 ತೆಗೆಯಬಹುದಾದರೆ ಅದು ಸರಿ, 5ರ ಮಗ್ಗಿ. ಆದರೆ 1, 3, 4 ಮಾತ್ರ ಎಂದು ನಿಯಮ ಬದಲಿಸಿ ನೋಡಿ. ಬಿಡುವ ಲೆಕ್ಕ 0, 2, 7, 9, 14, 16, 21. ಐದರಿಂದ 3 ತೆಗೆದರೆ 2 ಉಳಿಯುತ್ತದೆ, ಹಾಗಾಗಿ 5 ಇಲ್ಲಿ ತೆ. ಅದೇ 21 ಅಡಿಕೆ, ಈಗ ಗೆಲ್ಲುವುದು ಎರಡನೆಯವ.

ಕೊನೆಯದನ್ನು ತೆಗೆದವ ಸೋಲುವ ಬಗೆಯನ್ನು (ಮಿಸೇರ್) ‘ಕಡೆಸೋಲು’ ಎನ್ನಬಹುದು. 1, 2, 3ರ ನಿಯಮದಲ್ಲಿ ಆಗ ಬಿಡುವ ಲೆಕ್ಕ 1, 5, 9, 13, 17, 21. ಇಲ್ಲಿಯೂ ಮೊದಲಿಗನಿಗೆ ಸೋಲು. 0 ಮಾತ್ರ ತೆ ಆಗುತ್ತದೆ, ತೆಗೆಯಲು ಏನೂ ಇಲ್ಲದಿದ್ದರೂ! ನನ್ನ ಹೆಸರಿನ ಕೊರತೆ ಅದು, ಹಾಳೆಯಲ್ಲಿ ಒಂದು ಸಾಲಿನ ಟಿಪ್ಪಣಿ ಬೇಕು.

‘ಗೆಲ್ಲುವ ತಂತ್ರ’ದ ಬಗ್ಗೆ: ಚುನಾವಣೆ ಗೆಲ್ಲುವ ತಂತ್ರ ಎಂದು ಪತ್ರಿಕೆ ಬರೆದಾಗ ಗೆಲುವಿನ ಆಸೆ ಇದೆ, ಖಾತ್ರಿ ಇಲ್ಲ. ಗಣಿತದ ಮಾತಿನಲ್ಲಿ ಎದುರಾಳಿ ಏನೇ ಆಡಲಿ, ಪ್ರತಿಯೊಂದಕ್ಕೂ ಮೊದಲೇ ಗೊತ್ತಾದ ಉತ್ತರ ಇರಬೇಕು, ಕೊನೆಗೆ ಗೆಲ್ಲಲೇಬೇಕು. ‘ಗೆಲ್ಲಿಸುವ ತಂತ್ರ’ ಎಂಬಲ್ಲಿ ಪ್ರೇರಣಾರ್ಥಕದ ‘ಇಸು’ ಆ ಖಾತ್ರಿಯ ಅರ್ಧವನ್ನಾದರೂ ಹೊರುತ್ತದೆ. ‘ಉಪಾಯ’ ಒಂದು ಸಲದ ಚಾಲಾಕು, ಇಲ್ಲಿಗೆ ಹೊಂದದು.

ನಿಮ್-ಸಮ್‌ಗೆ ‘ನಿಮ್ ಮೊತ್ತ’ ಎಂದರೆ 3, 5, 7ರ ಮೂರು ರಾಶಿಗೆ ಮಕ್ಕಳು 15 ಎನ್ನುತ್ತಾರೆ. ‘ಜೋಡಿ ಅಳಿಸುವುದು’ ಎಂದರೆ ಕೈಗೇ ತಿಳಿಯುತ್ತದೆ. ಪ್ರತಿ ರಾಶಿಯನ್ನು 4, 2, 1ರ ಗುಂಪಾಗಿ ಒಡೆಯಿರಿ. 3 ಅಂದರೆ 2+1, 5 ಅಂದರೆ 4+1, 7 ಅಂದರೆ 4+2+1. ನಾಲ್ಕರ ಗುಂಪು ಎರಡು, ಅಳಿಯಿತು. ಎರಡರ ಗುಂಪು ಎರಡು, ಅದೂ ಅಳಿಯಿತು. ಒಂದರ ಗುಂಪು ಮೂರು. ಜೋಡಿ ಅಳಿದು ಒಂದು ಉಳಿಯಿತು. ಉಳಿದದ್ದನ್ನು ಅಳಿಸುವುದೇ ನಡೆ: ಯಾವ ರಾಶಿಯಿಂದಾದರೂ 1 ತೆಗೆಯಿರಿ, ಮೂರೂ ಸರಿ. ಏನೂ ಉಳಿಯದಿದ್ದರೆ ಅದು ಬಿಡುವ ಲೆಕ್ಕ.

ಚೆನ್ನೆಮಣೆಗೆ ಈ ಎರಡಕ್ಷರ ಸಾಲದು. ಅಡಿಕೆ ರಾಶಿ ಇಬ್ಬರಿಗೂ ಸಮಾನ. ಅದರಿಂದ ನೀವು ತೆಗೆಯಬಹುದಾದದ್ದನ್ನು ನಾನೂ ತೆಗೆಯಬಹುದು. ಹದಿನಾಲ್ಕು ಗುಳಿಯ ಮಣೆಯಲ್ಲಿ ಏಳು ನನ್ನವು, ಏಳು ನಿಮ್ಮವು, ನಿಮ್ಮ ಕಡೆಯ ಮಂಜೊಟ್ಟಿ ಕಾಳನ್ನು ಎತ್ತಿ ನಾನು ಬಿತ್ತುವಂತಿಲ್ಲ. ಆದ್ದರಿಂದ ಯಾರು ಮೊದಲು ಆಡಿದರೂ ನಾನೇ ಗೆಲ್ಲುವ, ಅಥವಾ ನೀವೇ ಗೆಲ್ಲುವ ಮಣೆಗಳೂ ಇರಬಹುದು. ಡ್ರಾ ಬಿಟ್ಟರೂ ಬಿ, ತೆ ಜೊತೆಗೆ ‘ನನ್ನದು’, ‘ನಿನ್ನದು’ ಎಂದು ಒಟ್ಟು ನಾಲ್ಕು ಗುರುತು ಬೇಕು. ಚೆನ್ನೆಯನ್ನು ಬೇರೆ ಹಾಳೆಗೆ ಇಟ್ಟುಕೊಳ್ಳಿ.