ಗ್ರಿಲ್ ಬೆಳೆದರೆ ಬಿಎಂಡಬ್ಲ್ಯು ಗುರುತು ಉಳಿಯುತ್ತದೆಯೇ?

ಪ್ರಶ್ನೆ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷ ಹಳೆಯದಾದ ಬಿಎಂಡಬ್ಲ್ಯು 3 ಸೀರೀಸ್ ಕಾರೊಂದೂ, ಅದರ ಪಕ್ಕದಲ್ಲೇ ಬ್ಯಾಟರಿಯಿಂದ ಓಡುವ ಹೊಸ ಐ4 ಒಂದೂ ನಿಲ್ಲುತ್ತವೆ. ಹಳೆಯ ಕಾರಿನ ಮುಂಭಾಗದಲ್ಲಿರುವ, ಗಾಳಿ ಒಳಬಿಡುವ ಜೋಡಿ ಗ್ರಿಲ್ಲನ್ನು ಎರಡು ಅಂಗೈಗಳಿಂದ ಹೆಚ್ಚುಕಡಿಮೆ ಮುಚ್ಚಿಬಿಡಬಹುದು. ಐ4ರಲ್ಲಾದರೋ ಅದು ಬಾನೆಟ್ಟಿನ ಅಂಚಿನಿಂದ ಬಂಪರಿನ ಕೆಳಭಾಗದವರೆಗೂ ಇಳಿದಿದೆ. ನಂಬರ್ ಪ್ಲೇಟು ಅದಕ್ಕೆ ಅಡ್ಡಲಾಗಿ, ಮೂಗಿನ ಮೇಲೆ ಪಟ್ಟಿ ಅಂಟಿಸಿದಂತೆ ಕೂತಿದೆ. ಹತ್ತಿರ ಹೋಗಿ ನೋಡಿದರೆ ಗಾಳಿ ಒಳಗೆ ಹೋಗಲು ದಾರಿಯೇ ಇಲ್ಲ, ಮುಚ್ಚಿದ ಫಲಕ. ಎಂಜಿನ್ ಇಲ್ಲದ ಕಾರಿಗೆ ಇಷ್ಟು ದೊಡ್ಡ ಗ್ರಿಲ್ ಯಾಕೆ ಬೇಕಾಯಿತು? ಗುರುತನ್ನು ಉಳಿಸಿಕೊಳ್ಳಲು ಹೀಗೆ ಹಿಗ್ಗಿಸಬೇಕಾಯಿತೇ, ಅಥವಾ ಹಿಗ್ಗಿಸುವುದರಲ್ಲೇ ಗುರುತು ಕಳೆದುಹೋಯಿತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ತಮ್ಮ ಪ್ರಶ್ನೆಗೆ ಕಂಪನಿಯ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಇತಿಹಾಸವನ್ನು ಮುಂದಿಡುತ್ತಾರೆ. ಮೂತ್ರಪಿಂಡದ ಆಕಾರದಿಂದಾಗಿ ಕಿಡ್ನಿ ಗ್ರಿಲ್ ಎನಿಸಿಕೊಂಡ ಈ ಜೋಡಿ ಗ್ರಿಲ್ ಮೊದಲು ಬಂದದ್ದು 1933ರ 303 ಮಾದರಿಯಲ್ಲಿ. ಅದೂ ಎತ್ತರದ, ನೆಟ್ಟಗೆ ನಿಂತ ಗ್ರಿಲ್ಲೇ. 1936ರ 328 ರೇಸಿಂಗ್ ಕಾರಿನಲ್ಲೂ ಉದ್ದುದ್ದವಾಗಿಯೇ ಇತ್ತು. ಐವತ್ತರ ದಶಕದ 507ರಲ್ಲಿ ಅದು ಅಡ್ಡಕ್ಕೆ ಮಲಗಿತು, 1961ರ 1500 ಮಾದರಿಯಲ್ಲಿ ಮತ್ತೆ ಕಿರಿದಾಗಿ ನಡುವೆ ನಿಂತಿತು. ಆದ್ದರಿಂದ 'ಮೂಲ ಅಳತೆ' ಎಂಬುದು ಯಾವ ಕಾಲದಲ್ಲೂ ಇರಲಿಲ್ಲ ಎಂಬ ಮಾತು ನಿಜ.

ಆದರೆ ಆ ವಾದ ಒಂದು ಸಂಗತಿಯನ್ನು ಜಾಣತನದಿಂದ ಬಿಟ್ಟುಬಿಡುತ್ತದೆ. 303ರ ಗ್ರಿಲ್ ಎತ್ತರವಾಗಿದ್ದುದು ಅದರ ಹಿಂದೆ ಎಂಜಿನ್ ತಣಿಸುವ ರೇಡಿಯೇಟರ್ ನೆಟ್ಟಗೆ ನಿಂತಿದ್ದರಿಂದ. ಕೆಲಸ ಆಕಾರವನ್ನು ಕೊಟ್ಟಿತ್ತು. 2020ರಲ್ಲಿ ಬಂದ 4 ಸೀರೀಸಿನ ಗ್ರಿಲ್ ಎತ್ತರವಾದದ್ದು, ನನ್ನ ಮಟ್ಟಿಗೆ, ಎದುರಿನಿಂದ ಬರುವವರ ಕಣ್ಣಿಗೆ ಬೀಳಬೇಕೆಂಬ ಒಂದೇ ಹಂಬಲದಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಉತ್ತರ 2

ನಾನು ಮ್ಯೂನಿಕ್ ನಗರದಲ್ಲಿ ನೆಲೆಸಿದ್ದೇನೆ, ಕಂಪನಿಯ ನೌಕರಳಲ್ಲ. ಹಿಂದಿನ ಉತ್ತರ ಬರೆದವರು 'ಒಂದೇ ಹಂಬಲ' ಎಂದದ್ದನ್ನು ಸ್ವಲ್ಪ ತಿದ್ದಬಯಸುತ್ತೇನೆ. ವಿದ್ಯುತ್ ಕಾರುಗಳಲ್ಲಿ ಆ ಫಲಕಕ್ಕೆ ಹೊಸ ಕೆಲಸ ಸಿಕ್ಕಿದೆ: ಐಎಕ್ಸ್ ಮಾದರಿಯಲ್ಲಿ ಕ್ಯಾಮೆರಾ, ರಡಾರ್ ಮತ್ತು ಸೆನ್ಸರ್‌ಗಳೆಲ್ಲ ಅದರ ಹಿಂದೆ ಅಡಗಿವೆ. ಆ ಫಲಕದ ಮೇಲಿನ ಪಾಲಿಯುರೆಥೇನ್ ಲೇಪನದ ಮೇಲೆ ಬಿದ್ದ ಸಣ್ಣ ಗೀರುಗಳು ಕೋಣೆಯ ಉಷ್ಣತೆಯಲ್ಲಿ 24 ಗಂಟೆಯೊಳಗೆ, ಬಿಸಿಗಾಳಿ ಹಾಯಿಸಿದರೆ 5 ನಿಮಿಷದಲ್ಲಿ ತಾವಾಗಿ ಮಾಯುತ್ತವೆ ಎಂದು ಕಂಪನಿಯೇ ಹೇಳಿಕೊಂಡಿದೆ. ಇದರ ಜೊತೆಗೆ, ಪಾದಚಾರಿಗಳ ಸುರಕ್ಷತೆಗಾಗಿ ಯುರೋಪಿನಲ್ಲಿ ಬಂದ ನಿಯಮಗಳಿಂದ ಬಾನೆಟ್ಟಿನ ಎತ್ತರ ಏರಿ, ಮುಂಭಾಗದಲ್ಲಿ ತುಂಬಬೇಕಾದ ಜಾಗವೂ ಹೆಚ್ಚಿತು.

ಆದರೂ ನಾವೆಲ್ಲ ಮುಖವನ್ನೇ ದಿಟ್ಟಿಸುತ್ತಿದ್ದೇವೆ ಎನಿಸುತ್ತದೆ. ಇಲ್ಲಿ ಟ್ರಾಮಿನ ಕಿಟಕಿಯಿಂದ ಕಾರುಗಳು ನನಗೆ ಕಾಣುವುದು ಪಕ್ಕದಿಂದ, ಅಲ್ಲಿ ಗ್ರಿಲ್ ಲೆಕ್ಕಕ್ಕೇ ಬರುವುದಿಲ್ಲ. ಹಿಂಬದಿ ಕಿಟಕಿಯ ಅಂಚು ಕೆಳಗೆ ಬರುತ್ತಾ ಥಟ್ಟನೆ ಮುಂದಕ್ಕೆ ಬಾಗುವ ತಿರುವೊಂದಿದೆ. 1961ರ ನೋಯೆ ಕ್ಲಾಸೆ ('ಹೊಸ ವರ್ಗ', ಮೇಲೆ ಹೇಳಿದ 1500 ಮಾದರಿಯ ಸಾಲು) ಕಾರುಗಳಲ್ಲಿ ಹೆಸರಾದ ಅದನ್ನು, ಆಗಿನ ವಿನ್ಯಾಸ ಮುಖ್ಯಸ್ಥ ವಿಲ್ಹೆಲ್ಮ್ ಹೋಫ್‌ಮೈಸ್ಟರ್ ಅವರ ಹೆಸರಿನಿಂದ ಹೋಫ್‌ಮೈಸ್ಟರ್ ಕಿಂಕ್ ಎನ್ನುತ್ತಾರೆ. ಆ ತಿರುವು, ಉದ್ದನೆಯ ಬಾನೆಟ್, ಬಂಪರಿಗೆ ಒತ್ತಿ ನಿಂತ ಮುಂದಿನ ಚಕ್ರ, ಈ ಮೂರು ಸಾಕು, ಮುಂಭಾಗಕ್ಕೆ ಬಟ್ಟೆ ಹೊದಿಸಿದ್ದರೂ ಕಾರು ಯಾವುದೆಂದು ಹೇಳಿಬಿಡಬಹುದು. ಉದ್ದನೆಯ ಬಾನೆಟ್ ಬಂದದ್ದು ಒಳಗೆ ಉದ್ದಕ್ಕೆ ಕೂರಿಸಿದ ಎಂಜಿನ್ನಿಂದ. ಎಂಜಿನ್ ಹೋದ ಮೇಲೆ ಅದನ್ನು ಮೋಟು ಮಾಡಿ ಒಳಗೆ ಜಾಗ ಹೆಚ್ಚಿಸಿಕೊಳ್ಳುವ ಆಸೆ ಯಾವ ಎಂಜಿನಿಯರಿಗೂ ಬಾರದಿರದು. ಗುರುತಿಗೆ ನಿಜವಾದ ಅಪಾಯವಿರುವುದು ಅಲ್ಲಿ.

ಅಂದಹಾಗೆ, 2025ರ ಸೆಪ್ಟೆಂಬರಿನಲ್ಲಿ ಇಲ್ಲಿಯೇ ಪ್ರದರ್ಶನಗೊಂಡ ಹೊಸ ಐಎಕ್ಸ್3ರಲ್ಲಿ ಗ್ರಿಲ್ ಕಿರಿದಾಗಿ, ಅರವತ್ತರ ದಶಕದಂತೆ ನಡುವೆ ನೆಟ್ಟಗೆ ನಿಂತಿದೆ. ಕ್ರೋಮ್ ಅಂಚಿನ ಬದಲು ಬೆಳಕಿನ ಗೆರೆ ಬಂದಿದೆ.

ಉತ್ತರ 3

ದೊಡ್ಡ ಗ್ರಿಲ್ಲನ್ನು ಜನ ಬೈದರೆಂಬ ಮಾತ್ರಕ್ಕೆ ವಿನ್ಯಾಸ ಸೋತಿತೆನ್ನಲಾಗದು. 2001ರಲ್ಲಿ, ಬಿಎಂಡಬ್ಲ್ಯು ವಿನ್ಯಾಸ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ಅವರ ಕಾಲದ 7 ಸೀರೀಸ್ ಬಂದಾಗ, ಅದರ ಡಿಕ್ಕಿಯ ಬಾಗಿಲು ಮೇಲಿಟ್ಟ ಮುಚ್ಚಳದಂತಿದೆಯೆಂದು ಅಭಿಮಾನಿಗಳು ಕಿಡಿಕಾರಿದ್ದರು, ಬ್ಯಾಂಗಲ್ ಅವರನ್ನು ಕೆಲಸದಿಂದ ತೆಗೆಯಿರೆಂದು ಸಹಿ ಸಂಗ್ರಹವೂ ನಡೆದಿತ್ತು. ಅವರು 2009ರವರೆಗೂ ಕಂಪನಿಯಲ್ಲಿದ್ದರು. ಆದರೆ ಬ್ಯಾಂಗಲ್ ಮೈಯ ಉಬ್ಬುತಗ್ಗುಗಳನ್ನು ಬದಲಿಸಿದರೇ ಹೊರತು ಗ್ರಿಲ್ಲನ್ನು ಗುರುತು ಸಿಗದಂತೆ ಮಾಡಲಿಲ್ಲ.

ಎದುರು ತುದಿಯಲ್ಲಿ ಜಾಗ್ವಾರ್ ಇದೆ. 2008ರಿಂದ ಟಾಟಾ ಒಡೆತನದಲ್ಲಿರುವುದರಿಂದ ನಮಗೂ ಅದರ ಬಗ್ಗೆ ಕೊಂಚ ಸಲಿಗೆ. 1968ರ ಎಕ್ಸ್‌ಜೆ ಕಾರಿನ ಚಹರೆಯನ್ನೇ ದಶಕಗಳ ಕಾಲ ನಕಲು ಮಾಡುತ್ತಾ ಕೂತ ಆ ಕಂಪನಿ, 2024ರಲ್ಲಿ ಲಾಂಛನವನ್ನೂ ಚಹರೆಯನ್ನೂ ಒಟ್ಟಿಗೇ ಬದಲಿಸಲು ಹೊರಟಿತು. ಹಾಗೆ ನೋಡಿದರೆ ಗುರುತನ್ನು ಉಳಿಸಿಕೊಂಡೇ ಅದರ ಅಳತೆಗಾಗಿ ನಡೆಯುತ್ತಿರುವ ಬಿಎಂಡಬ್ಲ್ಯು ಗ್ರಿಲ್ಲಿನ ಜಗಳ ಮನೆಯೊಳಗಿನ ಜಗಳ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮ್ಯೂನಿಕ್‌ನ ಮೇಡಂ ಅವರ ಮಾತು ಓದಿ ನಿನ್ನೆ ರಾತ್ರಿ ಮತ್ತೆ ನೆಲಮಾಳಿಗೆಗೆ ಇಳಿದು, ಎರಡೂ ಕಾರುಗಳನ್ನು ಪಕ್ಕದಿಂದ ನೋಡಿದೆ. ಕಿಟಕಿಯ ತಿರುವು ಎರಡರಲ್ಲೂ ಇದೆ. ಐ4ರ ಬಾನೆಟ್ಟೂ ಹಳೆಯದರಂತೆಯೇ ಉದ್ದವಾಗಿದೆ. ಪೆಟ್ರೋಲ್ 4 ಸೀರೀಸಿನ ತಳಹದಿಯನ್ನೇ ಅದು ಹಂಚಿಕೊಂಡಿರುವುದರಿಂದ ಹಾಗಿದೆ ಎಂದು ಈಗ ಅರ್ಥವಾಯಿತು. ಹಾಗಾದರೆ ಬ್ಯಾಟರಿಗೆಂದೇ ತಳಹದಿ ರೂಪಿಸಿಕೊಂಡ ಐಎಕ್ಸ್3ರ ಬಾನೆಟ್ ಪಕ್ಕದಿಂದ ಹೇಗೆ ಕಾಣುತ್ತದೆ? ರಸ್ತೆಯಲ್ಲಿ ಕಂಡಾಗ ಮೇಡಂ ಅವರು ಒಂದು ಫೋಟೊ ಹಾಕಿದರೆ ಉಪಕಾರವಾಗುತ್ತದೆ.