ಬಾವಿನೀರಿನ ಮನೆಗೆ ಎಂಥ ವಾಶ್ ಬೇಸಿನ್?

ಪ್ರಶ್ನೆ: ತೀರ್ಥಹಳ್ಳಿ ಬಳಿಯ ನಮ್ಮ ಮನೆಯ ಬಾವಿನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಹಳೆಯ ಬೇಸಿನ್‌ನಲ್ಲಿ ಕಂದು ಕಲೆ ನಿಂತಿದೆ. ಹೊಸದಕ್ಕೆ ಸೆರಾಮಿಕ್, ಅಮೃತಶಿಲೆ, ಸ್ಟೀಲ್ ಇವುಗಳಲ್ಲಿ ಯಾವುದು ಸೂಕ್ತ?

ಉತ್ತರ 1: ಅಮೃತಶಿಲೆಯನ್ನು ದಯವಿಟ್ಟು ಬಿಡಿ. ಅದು ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ, ಕಲೆ ತೆಗೆಯಲೆಂದು ಲಿಂಬೆರಸ ಹಚ್ಚಿದರೆ ಕಲ್ಲಿನ ಹೊಳಪೂ ಹೋಗುತ್ತದೆ. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ, ಗಾಜಿನಂಥ ಲೇಪವಿರುವ ಸೆರಾಮಿಕ್ ಹುಳಿಗೆ ಜಗ್ಗುವುದಿಲ್ಲ. ಆದರೆ ತಂತಿಯ ಬ್ರಷ್‌ನಿಂದ ಉಜ್ಜಿ ಲೇಪವನ್ನು ಗೀರಿದರೆ ಕಲೆ ಅಲ್ಲಿಯೇ ಮನೆಮಾಡುತ್ತದೆ.

ಉತ್ತರ 2: ಸ್ಟೀಲ್ ಬೇಕೆಂದರೆ ಸುಮಾರು ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕಲ್ ಇರುವ 304 ದರ್ಜೆಯದನ್ನೇ ಕೇಳಿ. ಬ್ಲೀಚಿಂಗ್ ಪುಡಿಯನ್ನು ಮಾತ್ರ ಸೋಕಿಸಬೇಡಿ. ಅದು ಸ್ಟೀಲನ್ನು ತಿನ್ನುತ್ತದೆ, ಕಬ್ಬಿಣದ ಕಲೆಯನ್ನೂ ತೆಗೆಯುವುದಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸೆರಾಮಿಕ್ಕನ್ನೇ ತರುತ್ತೇವೆ, ಬಿಳಿಯದನ್ನಲ್ಲ.