ಗ್ಯಾಂಗ್ಲಿಯಾ: ಕರೆಂಟ್ ಹೋಗಿ ಬಂದ ಮೇಲೆ ಗ್ರಾಫ್ ಎಲ್ಲ ಖಾಲಿ

ಪಯಸ್ವಿನಿ_ಲ್ಯಾಬ್ (ಪ್ರಶ್ನೆ)

ಕಾಸರಗೋಡು ಕಡೆಯ ಒಂದು ಲ್ಯಾಬ್. ಕಂಪ್ಯೂಟರ್‌ಗಳ ಮೇಲೆ ಕಣ್ಣಿಟ್ಟು ಗ್ರಾಫ್ ತೋರಿಸ್ಲಿಕ್ಕೆ ಗ್ಯಾಂಗ್ಲಿಯಾ ಹಾಕಿದ್ದೇವೆ. 16 ಕಂಪ್ಯೂಟ್ ನೋಡ್, ಒಂದು ಹೆಡ್‌ನೋಡ್, ಎಲ್ಲದರಲ್ಲೂ ಉಬುಂಟು. ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ (ಒಂದರಿಂದ ಎಲ್ಲಕ್ಕೂ ಕಳಿಸುವುದು) ಸರಿಯಾಗಿ ಹೋಗ್ತಿರಲಿಲ್ಲ, ಹಾಗಾಗಿ ಯೂನಿಕಾಸ್ಟ್ (ಒಂದೇ ಕಡೆಗೆ ಕಳಿಸುವುದು) ಮಾಡಿದ್ದೇವೆ: ಎಲ್ಲ ನೋಡ್‌ನ ಜಿಮಾಂಡ್ (ಗ್ಯಾಂಗ್ಲಿಯಾದ್ದೇ, ಪ್ರತಿ ಯಂತ್ರದ ಲೆಕ್ಕ ಕಳಿಸುವ ಪ್ರೋಗ್ರಾಂ) ಹೆಡ್‌ನೋಡ್‌ನ 8649 ಪೋರ್ಟಿಗೆ ಕಳಿಸ್ತದೆ, ಕಂಪ್ಯೂಟ್ ನೋಡ್‌ಗಳಲ್ಲಿ ಡೆಫ್ = ಯೆಸ್ (ಕಳಿಸ್ತದೆ, ಬೇರೆಯವರದ್ದು ಕೇಳುವುದಿಲ್ಲ).

ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತುಂಟಲ್ಲ. ಹೆಡ್‌ನೋಡ್ ಬೇರೆ ಯುಪಿಎಸ್‌ನಲ್ಲಿ ಉಂಟು, ಅದರ ಬ್ಯಾಟರಿ ಹಳತು, ಅದೊಂದೇ ಆಫ್ ಆಗಿ ಆನ್ ಆಗ್ತದೆ. ಆಮೇಲೆ 16 ನೋಡ್‌ನ ಗ್ರಾಫೂ ಖಾಲಿ. ಒಂದೊಂದೇ ನೋಡಿಗೆ ಹೋಗಿ ಜಿಮಾಂಡ್ ರೀಸ್ಟಾರ್ಟ್ ಮಾಡಿದ್ರೆ ಬರ್ತದೆ. ಫೈರ್‌ವಾಲ್ ಇಲ್ಲ. ಟಿಸಿಪಿಡಂಪ್‌ನಲ್ಲಿ (ನೆಟ್‌ವರ್ಕ್ ಪ್ಯಾಕೆಟ್ ನೋಡುವ ಟೂಲ್) ಪ್ಯಾಕೆಟ್ ಬರುವುದು ಕಾಣ್ತದೆ. ಮತ್ತೆ ಯಾಕೆ ಹೀಗೆ?

ಉಪ್ಪಳ_ರೂಟ್

ಪ್ಯಾಕೆಟ್ ಬರ್ತದೆ, ಆದ್ರೆ ಅದು ಯಾವುದರ ಲೆಕ್ಕ ಅಂತ ಹೆಡ್‌ನೋಡಿಗೆ ತಿಳಿಯುವುದಿಲ್ಲ. ಗ್ಯಾಂಗ್ಲಿಯಾ 3.1ರಿಂದ ಈಚೆಗೆ ಜಿಮಾಂಡ್ ಎರಡು ಬಗೆಯ ಪ್ಯಾಕೆಟ್ ಕಳಿಸ್ತದೆ. ಒಂದರಲ್ಲಿ ಮೆಟ್ರಿಕ್‌ನ (ಸಿಪಿಯು, ಮೆಮೊರಿಯಂಥ ಅಳತೆಯ) ವಿವರ, ಅಂದರೆ ಟೈಪ್, ಯೂನಿಟ್ ಇತ್ಯಾದಿ; ಇನ್ನೊಂದರಲ್ಲಿ ಬರೀ ಅಂಕಿ. ವಿವರ ಹೋಗುವುದು ಜಿಮಾಂಡ್ ಶುರುವಾದಾಗ. ಮಲ್ಟಿಕಾಸ್ಟ್ ಆದ್ರೆ ಹೊಸತಾಗಿ ಎದ್ದ ಜಿಮಾಂಡ್ "ವಿವರ ಕೊಡಿ" ಅಂತ ಕೇಳ್ತದೆ, ಉಳಿದವು ಕೊಡ್ತವೆ. ನಿಮ್ಮಲ್ಲಿ ನೋಡ್‌ಗಳನ್ನು ಕಿವುಡು ಮಾಡಿ ಇಟ್ಟಿದ್ದೀರಿ, ಕೇಳಿದ್ರೂ ಅವಕ್ಕೆ ಕೇಳಿಸ್ಲಿಕ್ಕಿಲ್ಲ.

ಕಂಪ್ಯೂಟ್ ನೋಡ್‌ಗಳ ಜಿಮಾಂಡ್.ಕಾನ್ಫ್ ಸೆಟ್ಟಿಂಗ್ ಫೈಲಿನಲ್ಲಿ ಗ್ಲೋಬಲ್ಸ್ ವಿಭಾಗ ನೋಡಿ: ಸೆಂಡ್_ಮೆಟಾಡೇಟಾ_ಇಂಟರ್ವಲ್ = 0 ಅಂತ ಇರ್ತದೆ, ಅದೇ ಡಿಫಾಲ್ಟ್. ಅದನ್ನು 60 ಮಾಡಿ (ಸೆಕೆಂಡ್ ಲೆಕ್ಕ). 16 ನೋಡಿಗೆ ಟ್ರಾಫಿಕ್ ಲೆಕ್ಕಕ್ಕೇ ಇಲ್ಲ. ಪಿಡಿಸಿಪಿಯಿಂದ ಎಲ್ಲದಕ್ಕೂ ಫೈಲ್ ಹಾಕಿ, ಪಿಡಿಎಸ್ಎಚ್‌ನಿಂದ (ಎಲ್ಲ ನೋಡಿಗೂ ಒಟ್ಟಿಗೆ ಕಮಾಂಡ್ ಕೊಡುವ ಟೂಲ್) ಗ್ಯಾಂಗ್ಲಿಯಾ-ಮಾನಿಟರ್ (ಉಬುಂಟುವಿನಲ್ಲಿ ಜಿಮಾಂಡ್‌ನ ಹೆಸರು) ಸರ್ವಿಸನ್ನು ಒಂದು ಸಲ ರೀಸ್ಟಾರ್ಟ್ ಮಾಡಿ. ಅದೇ ಕೊನೆ, ಮತ್ತೆ ನೋಡಿಂದ ನೋಡಿಗೆ ಓಡಬೇಕಾಗಿಲ್ಲ.

ಪರೀಕ್ಷೆಗೆ ಹೆಡ್‌ನೋಡ್‌ನ ಜಿಮಾಂಡ್ ಮಾತ್ರ ನಿಲ್ಲಿಸಿ ಶುರು ಮಾಡಿ, ಎರಡು ನಿಮಿಷ ಬಿಟ್ಟು ನೆಟ್‌ಕ್ಯಾಟ್‌ನಲ್ಲಿ ಲೋಕಲ್‌ಹೋಸ್ಟ್ 8649 ಓದಿ. ಹೋಸ್ಟ್ ಸಾಲು ಎಣಿಸಿದ್ರೆ ಸಾಲದು. ಪ್ರತಿ ಹೋಸ್ಟ್‌ನ ಒಳಗೆ ಮೆಟ್ರಿಕ್ ಸಾಲುಗಳು ಇವೆಯಾ ನೋಡಿ. ಅಲ್ಲಿ ಸರಿ ಇದ್ದು 8651ರಲ್ಲಿ ಇಲ್ಲದಿದ್ರೆ ತೊಂದರೆ ಜಿಮೆಟಾಡ್‌ನದ್ದು (ಜಿಮಾಂಡ್‌ನಿಂದ ಲೆಕ್ಕ ತಂದು ಗ್ರಾಫ್ ಫೈಲಿಗೆ ಬರೆಯುವ ಪ್ರೋಗ್ರಾಂ, 8651 ಅದರ ಪೋರ್ಟ್).

ಪಯಸ್ವಿನಿ_ಲ್ಯಾಬ್

60 ಹಾಕಿದೆ. ಜಿಮಾಂಡ್ ನಿಲ್ಲಿಸಿ ಶುರು ಮಾಡಿದ್ರೆ ಒಂದು ನಿಮಿಷದಲ್ಲಿ ಎಲ್ಲ ಬರ್ತದೆ. ಆದ್ರೆ ಹೆಡ್‌ನೋಡ್‌ನ ಪವರ್ ತೆಗೆದು ಹಾಕಿದ್ರೆ 8649, 8651 ಎರಡರಲ್ಲೂ ಮೆಟ್ರಿಕ್ ಉಂಟು, ಗ್ರಾಫ್ ಮಾತ್ರ ಅರ್ಧ ಗಂಟೆ ಖಾಲಿ. ಲಾಗ್‌ನಲ್ಲಿ "ಇಲ್ಲೀಗಲ್ ಅಟೆಂಪ್ಟ್ ಟು ಅಪ್‌ಡೇಟ್ ಯೂಸಿಂಗ್ ಟೈಮ್" ಅಂತ ರಾಶಿ ಸಾಲು.

ಉಪ್ಪಳ_ರೂಟ್

ಇದು ಬೇರೆ ರೋಗ. ಮದರ್‌ಬೋರ್ಡ್‌ನ ಸೆಲ್ ಸತ್ತಿದೆ. ಪವರ್ ಬಂದಾಗ ಗಡಿಯಾರ ಹಿಂದಿನ ಯಾವುದೋ ತಾರೀಕಿಗೆ ಹೋಗಿರ್ತದೆ. ಆರ್‌ಆರ್‌ಡಿ ಫೈಲಿನಲ್ಲಿ (ಗ್ರಾಫ್‌ನ ಅಂಕಿಗಳು ಇರುವ ಫೈಲ್) ಕೊನೆಯ ಬರಹ ಇವತ್ತಿನದ್ದು, ಅದಕ್ಕಿಂತ ಹಿಂದಿನ ಸಮಯ ಕೊಟ್ರೆ ಅದು ತೆಗೆದುಕೊಳ್ಳುವುದಿಲ್ಲ. ಇಂಟರ್ನೆಟ್ ಬಂದು ಕ್ರೋನಿ (ನೆಟ್‌ನಿಂದ ಗಡಿಯಾರ ಹೊಂದಿಸುವ ಸರ್ವಿಸ್) ಸಮಯ ಸರಿ ಮಾಡುವ ತನಕ ಖಾಲಿಯೇ. ಹೆಚ್ಚಿನ ಬೋರ್ಡಿಗೆ ಸಿಆರ್2032 ಸೆಲ್ ಸಾಕು, ವಾಚ್ ಅಂಗಡಿಯಲ್ಲಿ ಸಿಗ್ತದೆ. ಕ್ರೋನಿಯಲ್ಲಿ ಮೇಕ್‌ಸ್ಟೆಪ್ 1.0 3 ಇರಲಿ (ಮೊದಲ ಮೂರು ಸಲ, ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಒಮ್ಮೆಗೇ ಸರಿ ಮಾಡ್ತದೆ), ಇಲ್ಲದಿದ್ರೆ ಅದು ಸಮಯವನ್ನು ನಿಧಾನಕ್ಕೆ ಎಳೆಯುತ್ತಾ ಕೂತುಕೊಳ್ತದೆ.

ಗಡಿಯಾರ ಮುಂದಕ್ಕೆ ಹಾರಿದ್ರೆ ಇನ್ನೂ ಕಷ್ಟ: ಒಂದು ಸಲ ಮುಂದಿನ ತಾರೀಕಿನಲ್ಲಿ ಬರೆದಾಯ್ತು ಅಂದ್ರೆ, ಆ ತಾರೀಕು ಬರುವ ತನಕ ಆ ಫೈಲ್ ಏನನ್ನೂ ತೆಗೆದುಕೊಳ್ಳುವುದಿಲ್ಲ. ಆಗ ಫೈಲ್ ಅಳಿಸಬೇಕು, ಇಲ್ಲವೇ ಬ್ಯಾಕಪ್‌ನಿಂದ ತರಬೇಕು.

ಅಡಿಕೆ_ಅಂಗಳ

ಇಷ್ಟೆಲ್ಲ ಪಡಿಪಾಟಲು ಯಾಕೆ ಮಾರಾಯ್ರೆ, ಗ್ಯಾಂಗ್ಲಿಯಾ ಬದಲು ಪ್ರೊಮೀಥಿಯಸ್ ಹಾಕಿ. ಅದು ತಾನೇ ಹೋಗಿ, ಪ್ರತಿ ಯಂತ್ರದಲ್ಲಿ ಓಡುವ ನೋಡ್ ಎಕ್ಸ್‌ಪೋರ್ಟರ್‌ನ 9100 ಪೋರ್ಟಿನಿಂದ ಎಳೆದು ತರ್ತದೆ, ವಿವರ ಕಳೆದುಹೋಗುವ ಪ್ರಶ್ನೆಯೇ ಇಲ್ಲ. ಡಿಸ್ಕ್ ಲೆಕ್ಕ: ನೋಡಿಗೆ 1,000 ಸೀರೀಸ್ (ಬೇರೆಬೇರೆ ಅಳತೆ) ಅಂತ ಹಿಡಿದರೆ 17 ಯಂತ್ರಕ್ಕೆ 17,000. 15 ಸೆಕೆಂಡಿಗೊಮ್ಮೆ, ಸ್ಯಾಂಪಲ್‌ಗೆ 2 ಬೈಟ್, ದಿನಕ್ಕೆ ಸುಮಾರು 200 ಎಂಬಿ. ಡಿಫಾಲ್ಟ್ 15 ದಿನಕ್ಕೆ 3 ಜಿಬಿ.

ಆದ್ರೆ ಗಡಿಯಾರದ ರೋಗ ಅಲ್ಲೂ ಬಿಡುವುದಿಲ್ಲ, ಸೆಲ್ ಹೇಗೂ ಬದಲಾಯಿಸಿ.

ಉಪ್ಪಳ_ರೂಟ್

ಹೊಸತಾಗಿ ಕಟ್ಟುವವರಿಗೆ ನಾನೂ ಅದನ್ನೇ ಹೇಳ್ತೇನೆ. ಓಡ್ತಾ ಇರುವುದನ್ನು ಕಿತ್ತು ಹಾಕುವ ಅವಸರ ಇಲ್ಲ. ಆರ್‌ಆರ್‌ಡಿ ಫೈಲ್ ಎಷ್ಟು ವರ್ಷ ಆದ್ರೂ ಬೆಳೆಯುವುದಿಲ್ಲ, ಅದೂ ಒಂದು ಸುಖ.

ಒಂದು ಮಾತ್ರ ಈಗಲೇ ಮಾಡಿ. ಕರೆಂಟ್ ಹೋದಾಗ ನೋಡ್‌ಗಳು ಯುಪಿಎಸ್‌ನಲ್ಲಿ ಓಡ್ತವೆ, ಏಸಿ ಓಡುವುದಿಲ್ಲ. ಮುಚ್ಚಿದ ಕೋಣೆ ಬೇಗ ಕಾಯ್ತದೆ. ಕ್ರಾನ್‌ನಲ್ಲಿ ನಿಮಿಷಕ್ಕೊಮ್ಮೆ ಐಪಿಎಂಐಟೂಲ್‌ನಿಂದ (ಬೋರ್ಡಿನ ಸೆನ್ಸರ್ ಓದುವ ಟೂಲ್) ಯಂತ್ರದ ಒಳಕ್ಕೆ ಹೋಗುವ ಗಾಳಿಯ ಉಷ್ಣತೆ ಓದಿ ಜಿಮೆಟ್ರಿಕ್‌ನಿಂದ (ಗ್ಯಾಂಗ್ಲಿಯಾಕ್ಕೆ ನಮ್ಮದೇ ಅಳತೆ ಸೇರಿಸುವ ಕಮಾಂಡ್) ಕಳಿಸಿ. ಡಿಮ್ಯಾಕ್ಸ್ 600 (ಹೊಸ ಅಂಕಿ ಬಾರದಿದ್ರೆ ಎಷ್ಟು ಸೆಕೆಂಡಿಗೆ ಹಳತನ್ನು ಅಳಿಸಬೇಕು ಅನ್ನುವ ಲೆಕ್ಕ) ಕೊಡಲು ಮರೆಯಬೇಡಿ. ಕೊಡದಿದ್ರೆ ಸ್ಕ್ರಿಪ್ಟ್ ಸತ್ತ ಮೇಲೂ ಹಳೆಯ 27 ಡಿಗ್ರಿಯೇ ಗ್ರಾಫ್‌ನಲ್ಲಿ ನೆಟ್ಟಗೆ ಗೆರೆ ಎಳೀತಾ ಇರ್ತದೆ.